ಸಾಂಬಾರ್ ಬಕೆಟ್ಟಿನಲ್ಲಿ ಮೀನಿನ ನೀರು

ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರಲಿ, ಜನ್ಮದಲ್ಲಿ ಒಂದು ಕೊಡ ಹೊತ್ತವರಲ್ಲ, ಬೇಕಾದರೆ ಬರೆದುಕೊಡುತ್ತೇನೆ. ತುಂಬಿದ ಕೊಡ ಚೆನ್ನಾಗಿಯೇ ತುಳುಕುತ್ತದೆ. ತುಂಬಿದ ಬಕೆಟ್ಟಿನ ಕಥೆಯಂತೂ ಕೇಳಲೇ ಬೇಡಿ. ಗೋರೆಗಾಂವಿನ ನಮ್ಮ ಮನೆಯಲ್ಲಿ ಹಾಲ್‌ನ ಕಿಟಕಿ ಹತ್ತಿರ ಮೀನಿನ ಟ್ಯಾಂಕ್, ಅಲ್ಲಿಂದ ಅಡುಗೆಮನೆ ದಾಟಿದರೆ ಹಿಂದೆ ಬಾತ್‌ರೂಮ್. ಈ ದಾರಿಯುದ್ದಕ್ಕೂ ಭಾನುವಾರ ಬೆಳಿಗ್ಗೆ ಏನೇನು ತುಳುಕುತ್ತದೆ ಅಂತ ನನ್ನನ್ನು ಕೇಳಬೇಕು. ಒರೆಸುವವಳು ನಾನೇ ಅಲ್ಲವಾ.

ನನ್ನ ನೆಲದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳಗಂಟಿ ಅನ್ನಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ ನೆಲ ಒರೆಸುತ್ತೇನೆ. ಕೆಲಸದವಳು ಒರೆಸಿದ್ದು ನನಗೆ ಸರಿಬರುವುದಿಲ್ಲ. ಬಿಲ್ಡಿಂಗಿನ ಹೆಂಗಸರು ನಮ್ಮ ಬಾಗಿಲಿಗೆ ಬಂದರೆ ಚಪ್ಪಲಿ ಬಿಟ್ಟು, ಪಾದ ಮ್ಯಾಟಿಗೆ ಉಜ್ಜಿ, ಆಮೇಲೆ ನನ್ನ ಮುಖ ನೋಡಿ ಒಳಗೆ ಬರುತ್ತಾರೆ. "ಇವರ ಮನೆಗೆ ಹೋಗುವ ಮೊದಲು ಸ್ನಾನ ಮಾಡಬೇಕು" ಅಂತ ನಗುತ್ತಾರೆ. ನಗಲಿ. ಇಷ್ಟು ಧೂಳಿನ ಊರಿನಲ್ಲಿ ನನಗಿರುವುದು ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟನ್ನಾದರೂ ನನ್ನ ಮನಸ್ಸಿಗೆ ಬಂದ ಹಾಗೆ ಇಟ್ಟುಕೊಳ್ಳುತ್ತೇನೆ.

ಇಂಥ ಮನೆಗೆ ನಮ್ಮವರು ಮೀನಿನ ಟ್ಯಾಂಕ್ ತಂದರು.

ಇವರು ಜೋಗೇಶ್ವರಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಮದುವೆಗೆ ಮುಂಚೆ ಸೇರಿದ್ದು, ಹೋಟೆಲು ಮುಚ್ಚುವ ತನಕ ಅಲ್ಲೇ. ಎಡಗೈಯಲ್ಲಿ ಸಾಂಬಾರಿನ ಸ್ಟೀಲ್ ಬಕೆಟ್, ಬಲಗೈಯಲ್ಲಿ ಸೌಟು. ಮಧ್ಯಾಹ್ನ ಗಿರಾಕಿಗಳು ಬೆನ್ನಿಗೆ ಬೆನ್ನು ತಾಗಿಸಿ ಕೂತಿದ್ದರೂ ನಡುವೆ ನುಸುಳಿಕೊಂಡು ಹೋಗುತ್ತಿದ್ದರು, ಯಾರ ಅಂಗಿಯ ಮೇಲೂ ಒಂದು ಹನಿ ಬಿದ್ದದ್ದಿಲ್ಲವಂತೆ. ಇದು ಅವರೇ ಹೇಳಿದ್ದಾದರೆ ನಾನು ನಂಬುತ್ತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಅವಳನ್ನು ಕರೆದುಕೊಂಡು ಹೋಗಿ ಮೂಲೆಯ ಟೇಬಲಿನಲ್ಲಿ ಕೂತು ನಾನೇ ಕಣ್ಣಾರೆ ನೋಡಿದ್ದೇನೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಸೊಂಟದ ಮೇಲಿನದ್ದೆಲ್ಲ ಅಲ್ಲಾಡದ ಹಾಗೆ ನಡೆಯುತ್ತಿದ್ದರು. ಯಾರಿಗೆ ಇನ್ನೂ ಬೇಕು, ಯಾರಿಗೆ ಸಾಕು ಅನ್ನುವುದು ಕೇಳದೆಯೇ ಗೊತ್ತಾಗುತ್ತಿತ್ತು. ನನ್ನ ಗಂಡ ಇಷ್ಟು ಚಂದ ನಡೆಯುತ್ತಾರಾ ಅಂತ ಆ ದಿನ ನನಗೆ ನಿಜವಾಗಿ ಹೆಮ್ಮೆಯಾಗಿತ್ತು.

ಆದರೆ ಮನೆಯಲ್ಲಿ ಬೇರೆಯೇ ಅವತಾರ. ಚಪ್ಪಲಿ ಬಿಟ್ಟು ಕೂತರೆ ಮುಗಿಯಿತು. ನೀರಿನ ಲೋಟ ಕೂಡ ತಾವಾಗಿ ತೆಗೆದುಕೊಂಡವರಲ್ಲ. "ದಿನವಿಡೀ ಊರಿಗೆಲ್ಲ ಬಡಿಸುತ್ತೇನೆ ಮಾರಾಯ್ತಿ, ಮನೆಯಲ್ಲಾದರೂ ಯಾರಾದರೂ ನನಗೆ ಬಡಿಸಲಿ" ಅನ್ನುತ್ತಿದ್ದರು. ಅದೂ ನ್ಯಾಯವೇ. ಹಾಗಾಗಿ ನಮ್ಮ ಸಂಸಾರದಲ್ಲಿ ಬಡಿಸುವ ಕೆಲಸ ಯಾವತ್ತೂ ನನ್ನದೇ ಆಗಿತ್ತು.

ಹೋಟೆಲಿನ ಧಣಿಗಳಿಗೆ ವಯಸ್ಸಾಯಿತು, ಮಕ್ಕಳಿಗೆ ಬೇಡವಾಯಿತು, ಜಾಗ ಕೊಟ್ಟುಬಿಟ್ಟರು. ಕೊನೆಯ ದಿನ ಕೆಲಸದವರನ್ನೆಲ್ಲ ಕರೆದು, ನಿಮಗೇನು ಬೇಕೋ ತೆಗೆದುಕೊಂಡು ಹೋಗಿ ಅಂದರಂತೆ. ಒಬ್ಬ ಗ್ರೈಂಡರ್ ಒಯ್ದ, ಒಬ್ಬ ಫ್ರಿಜ್ ಒಯ್ದ, ಇನ್ನೊಬ್ಬ ಫ್ಯಾನುಗಳನ್ನೇ ಬಿಚ್ಚಿಕೊಂಡು ಹೋದ. ನಮ್ಮ ಮಹಾನುಭಾವರು ಟೆಂಪೋದಲ್ಲಿ ತಂದದ್ದು ಎ.ಸಿ. ರೂಮಿನಲ್ಲಿದ್ದ ಗಾಜಿನ ಟ್ಯಾಂಕ್, ಅದರೊಳಗಿನ ಗೋಲ್ಡ್‌ಫಿಶ್ ಮೀನುಗಳು, ಮತ್ತೆ ಎರಡು ಸಾಂಬಾರ್ ಬಕೆಟ್ಟು ಸೌಟಿನ ಸಮೇತ.

"ಎಂತ ಇದು? ಗ್ರೈಂಡರ್ ಇತ್ತಲ್ಲ?" ಅಂದೆ.

"ಗ್ರೈಂಡರಿಗೆ ಯಾರು ಬೇಕಾದರೂ ಸಿಗುತ್ತಾರೆ. ಇವುಗಳನ್ನು ಯಾರು ನೋಡಿಕೊಳ್ಳುತ್ತಾರೆ ಹೇಳು?" ಅಂದರು. ಆ ಎ.ಸಿ. ರೂಮು ಅವರದ್ದೇ ಜವಾಬ್ದಾರಿಯಂತೆ. ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಮೀನಿಗೆ ತಿಂಡಿ, ಆಮೇಲೆ ಗಿರಾಕಿಗೆ.

ನಮ್ಮ ಕಡೆಯವರು ಮನೆಗೆ ಬಂದರೆ ಟ್ಯಾಂಕ್ ಮುಂದೆ ನಿಂತು ಮೊದಲು ಕೇಳುವ ಪ್ರಶ್ನೆ, "ಇದು ತಿನ್ನುವ ಮೀನಾ?" ಅಂತ. ಅಲ್ಲ ಅಂದರೆ ಮುಖ ಸಪ್ಪೆ. ಅಡುಗೆಮನೆಯಲ್ಲಿ ಬಂಗುಡೆ ಕುದಿಯುತ್ತಿರುತ್ತದೆ, ಹಾಲ್‌ನಲ್ಲಿ ಇವು ಬಾಯಿ ಬಿಡುತ್ತ ನೋಡುತ್ತಿರುತ್ತವೆ. ಮೊದಮೊದಲು ನನಗೂ ಒಂಥರಾ ಆಗುತ್ತಿತ್ತು, ಮಸಾಲೆ ಅರೆಯುವಾಗ ಅಡುಗೆಮನೆಯ ಪರದೆ ಎಳೆಯುತ್ತಿದ್ದೆ. ಈಗ ಇಲ್ಲ. ಅವಕ್ಕೂ ರೂಢಿಯಾಗಿದೆ, ನನಗೂ ಆಗಿದೆ.

ಗೋಲ್ಡ್‌ಫಿಶ್ ಅಂದರೆ ನೋಡಲಿಕ್ಕೆ ರಾಜಕುಮಾರಿ, ಗಲೀಜಿನಲ್ಲಿ ಎಮ್ಮೆಯೇ ವಾಸಿ. ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಗಾಜು ಮಂಜು ಕಟ್ಟಿದ ಹಾಗೆ, ಹತ್ತಿರ ಹೋದರೆ ವಾಸನೆ. ಹಾಗಂತ ಪೂರ್ತಿ ನೀರು ತೆಗೆಯಬಾರದು, ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಹೊಸ ನೀರು ನೇರ ನಲ್ಲಿಯದ್ದೂ ಆಗುವುದಿಲ್ಲ. ಬೆಳಿಗ್ಗೆ ಬರುವ ಮುನಿಸಿಪಾಲಿಟಿ ನೀರಿಗೆ ಕ್ಲೋರಿನ್ ವಾಸನೆ ಮೂಗಿಗೇ ಹೊಡೆಯುತ್ತದಲ್ಲ, ಅದು ಮೀನಿಗೆ ವಿಷ. ಶನಿವಾರ ಬೆಳಿಗ್ಗೆಯೇ ಬಾತ್‌ರೂಮಿನ ಡ್ರಮ್ಮಿನಲ್ಲಿ ತುಂಬಿ ಬಾಯಿ ತೆರೆದಿಟ್ಟು, ಭಾನುವಾರ ಅದನ್ನು ಹಾಕುವುದು. ಇದೆಲ್ಲ ಅವರ ಇಲಾಖೆ. ಮಗ್ಗಿನಲ್ಲಿ ಹಳೇ ನೀರು ಮೊಗೆದು ದೊಡ್ಡ ಬಕೆಟ್ಟಿಗೆ ತುಂಬಿ ಬಾತ್‌ರೂಮಿಗೆ ಒಯ್ಯುವುದು, ಅದೇ ಬಕೆಟ್ಟಿನಲ್ಲಿ ಹೊಸ ನೀರು ತರುವುದು. ಮೊದಲು ಒಂದು ಹನಿ ಬೀಳುತ್ತಿರಲಿಲ್ಲ. ಹೋಟೆಲಿನ ಅದೇ ನಡಿಗೆ.

ಆಮೇಲೆ ಬೀಳಲಿಕ್ಕೆ ಶುರುವಾಯಿತು. ಮೊದಲು ಅಡುಗೆಮನೆಯ ಹೊಸ್ತಿಲಲ್ಲಿ ಸ್ವಲ್ಪ, ಮತ್ತೆ ಹಾಲ್‌ನಲ್ಲಿ, ಮತ್ತೆ ಎಲ್ಲ ಕಡೆ. "ನೆಲ ಏರುಪೇರಾಗಿದೆ, ಟೈಲ್ಸ್ ಎದ್ದಿರಬೇಕು" ಅನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ಹಂಗಿಸುತ್ತಿದ್ದೆ. ಒಂದು ದಿನ ಚಹಾ ಕೊಟ್ಟಾಗ ಕಪ್ ಸಾಸರಿನ ಮೇಲೆ ಟಕಟಕ ಅಂತ ಶಬ್ದ ಮಾಡಿತು. ನಾನು ಅವರ ಕೈ ನೋಡಿದೆ, ಅವರೂ ನನ್ನನ್ನು ನೋಡಿದರು. ಡಾಕ್ಟರು ಮಾತ್ರೆ ಕೊಟ್ಟರು, ಕಾಯಿಲೆಯ ಹೆಸರು ಹೇಳಿದರು. ನಡುಕ ನಿಲ್ಲುವುದಿಲ್ಲ, ನಿಧಾನ ಮಾಡಬಹುದು, ಕೈಕಾಲಿಗೆ ಕೆಲಸ ಕೊಡುತ್ತಾ ಇರಿ, ಸುಮ್ಮನೆ ಕೂರಬೇಡಿ ಅಂದರು.

ಆ ನಡುಕದಿಂದ ಲಾಭವಾದದ್ದು ಮೀನುಗಳಿಗೆ ಮಾತ್ರ. ಚಿಟಿಕೆ ತಿಂಡಿ ಹಿಡಿದು ಕೈ ಟ್ಯಾಂಕಿನ ಮೇಲೆ ಇಟ್ಟರೆ ಸಾಕು, ತಾನಾಗಿಯೇ ಎಲ್ಲ ಕಡೆ ಒಂದೇ ಸಮ ಉದುರುತ್ತದೆ. "ನೋಡು, ಮಷೀನ್" ಅಂತ ಅವರೇ ತಮಾಷೆ ಮಾಡಿದರು. ನಾನು ನಕ್ಕೆ. ನಕ್ಕು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತೆ.

ಅನಾಹುತ ಆದದ್ದು ಒಂದು ಭಾನುವಾರ. ತುಂಬಿದ ಬಕೆಟ್ಟು ಟೀಪಾಯಿ ಕಾಲಿಗೆ ತಾಗಿ ಪೂರ್ತಿ ಹಾಲ್‌ಗೆ ಮಗುಚಿತು. ಮೀನಿನ ನೀರು, ಮರಳಿನ ಕಸ, ಎಲ್ಲ ನನ್ನ ನೆಲದ ಮೇಲೆ. "ಅಯ್ಯೋ ನನ್ನ ಕರ್ಮವೇ, ಕಣ್ಣು ಎಲ್ಲಿ ಇಟ್ಟಿದ್ದೀರಿ?" ಅಂತ ಕಿರುಚಿದೆ. ಹಳೇ ಬೆಡ್‌ಶೀಟು, ಟವೆಲು, ಲುಂಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಒರೆಸಿ, ಫ್ಯಾನು ಜೋರು ಮಾಡಿ, ಸದ್ಯ ಮುಗಿಯಿತು ಅಂದುಕೊಂಡೆ. ನಮ್ಮದು ಹಳೇ ಬಿಲ್ಡಿಂಗು, ಟೈಲ್ಸಿನ ಸಂದಿಯಲ್ಲಿ ಸಿಮೆಂಟು ಎಂದೋ ಹೋಗಿದೆ. ನಾನು ಮೇಲಿಂದ ಒರೆಸಿದ್ದಕ್ಕಿಂತ ಹೆಚ್ಚು ಅದು ಒಳಗಿಂದ ಕುಡಿದಿತ್ತು.

ಮರುದಿನ ಕೆಳಗಿನ ಮನೆಯ ಗುಜರಾತಿ ಹೆಂಗಸು ಬಂದಳು. "ಭಾಭಿ, ಜರಾ ನೀಚೆ ಆಯಿಯೇ" ಅಂದಳು. ಹೋಗಿ ನೋಡಿದರೆ ಅವರ ಹಾಲ್‌ನ ಬಿಳೀ ಪಿ.ಓ.ಪಿ. ಸೀಲಿಂಗಿನ ನಡುವೆ ಹಳದಿ ಕಲೆ, ಚಹಾ ಚೆಲ್ಲಿದ ಹಾಗೆ. ಅಂಚಿನಲ್ಲಿ ಒಂದು ಹನಿ ಬೀಳಲೋ ಬೇಡವೋ ಅಂತ ನೇತಾಡುತ್ತಿತ್ತು. ಮಗನ ನಿಶ್ಚಿತಾರ್ಥ ಮನೆಯಲ್ಲೇ ಮಾಡಬೇಕು ಅಂತ ಆಗಷ್ಟೇ ಹಾಕಿಸಿದ ಸೀಲಿಂಗು ಅದು. ಅವಳು ಮೂಗು ಮುಚ್ಚಿಕೊಂಡು, ಇದು ಮೀನಿನ ನೀರಾ ಅಂತ ಕೇಳಿದಳು. ಈರುಳ್ಳಿ ಕೂಡ ತಿನ್ನದ ಮನೆ ಅದು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಅವಳ ತಪ್ಪೇನೂ ಇಲ್ಲ. ಮುಂಬಯಿಯಲ್ಲಿ ಲೀಕೇಜ್ ಅಂದರೆ ಅಣ್ಣತಮ್ಮಂದಿರೂ ಕೋರ್ಟಿಗೆ ಹೋಗುತ್ತಾರೆ. ಅವಳು ಸೊಸೈಟಿಯ ಸೆಕ್ರೆಟರಿಯನ್ನು ಕರೆಯಲಿಲ್ಲ, ಕೂಗಾಡಲಿಲ್ಲ. ಸಂಜೆ ಮೇಲೆ ಬಂದು ನಮ್ಮವರ ಎದುರೇ ಹೇಳಿದಳು, ಆದದ್ದು ಆಯಿತು, ಪೈಂಟ್ ಹೊಡೆಸಿಕೊಳ್ಳುತ್ತೇನೆ, ಆದರೆ ಇನ್ನೊಂದು ಸಲ ಒಂದೇ ಒಂದು ಹನಿ ಬಿದ್ದರೂ ಟ್ಯಾಂಕ್ ಈ ಮನೆಯಲ್ಲಿ ಇರಬಾರದು. ನಾನು ಏನಾದರೂ ಹೇಳುವ ಮೊದಲೇ ಇವರು, "ಠೀಕ್ ಹೈ ಬೆಹನ್‌ಜಿ. ಹಟಾ ದೂಂಗಾ" ಅಂತ ಟ್ಯಾಂಕ್ ತೆಗೆಯುವ ಮಾತು ಕೊಟ್ಟರು. ಗಿರಾಕಿಯ ಮಾತಿಗೆ ಎದುರು ಹೇಳಿ ಅವರಿಗೆ ಅಭ್ಯಾಸವೇ ಇಲ್ಲ.

ಅವಳು ಹೋದ ಮೇಲೆ ಟ್ಯಾಂಕಿನ ಮುಂದೆ ಕೂತರು. "ಇದೂ ಹೋದರೆ ನಾನು ಬೆಳಿಗ್ಗೆ ಎದ್ದು ಮಾಡುವುದೇನು ಹೇಳು?" ಅಂದರು. ನನಗೆ ಒಳಗೊಳಗೆ, ಪೀಡೆ ತೊಲಗಿದರೆ ಸಾಕು, ಒರೆಸಿ ಒರೆಸಿ ಸೊಂಟ ಬಿದ್ದುಹೋಗಿದೆ ಅಂತಲೂ ಅನ್ನಿಸುತ್ತಿತ್ತು. ಆದರೆ ಆ ಮುಖ ನೋಡಿದರೆ ಬಾಯಿ ಬರಲಿಲ್ಲ.

ಬೊರಿವಲಿಯಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳ ಕನ್ನಡ ಅರ್ಧ ದಾರಿಯಲ್ಲಿ ಲೋಕಲ್ ಟ್ರೈನು ಬದಲಿಸಿ ಹಿಂದಿ ಹತ್ತುತ್ತದೆ. "ಅಮ್ಮಾ, ಟ್ಯಾಂಕ್ ಕಿಸೀಕೋ ದೇ ದೋ ನಾ. ಪಪ್ಪನ ಕೈ ಹಾಗೆ ಉಂಟು, ಸುಮ್ನೆ ಟೆನ್ಶನ್ ಯಾಕೆ?" ಅಂದಳು. ಯಾರಿಗೂ ಕೊಡುವುದಿಲ್ಲ ಅಂದೆ. ನನ್ನ ಬಾಯಿಂದ ಹಾಗೆ ಬಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಅವಳು, ಹಾಗಾದರೆ ಭಾನುವಾರ ಬರುತ್ತೇನೆ ಅಂದಳು.

ಬರುವಾಗ ಒಂದು ಉದ್ದದ ಪಾರದರ್ಶಕ ಪೈಪು, ನಲ್ಲಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ತುಂಡು, ನೀರಿನ ಕ್ಲೋರಿನ್ ತೆಗೆಯುವ ಹನಿಮದ್ದಿನ ಬಾಟಲಿ ತಂದಳು. ಪೈಪಿಗೆ ಮೊದಲು ನೀರು ತುಂಬಿಸಿ, ಎರಡೂ ಬಾಯಿಗೆ ಹೆಬ್ಬೆರಳು ಒತ್ತಿ, ಒಂದು ತುದಿ ಟ್ಯಾಂಕಿಗೆ ಮುಳುಗಿಸಿ, ಇನ್ನೊಂದನ್ನು ಬಾತ್‌ರೂಮಿನ ನೆಲಕ್ಕೆ ಇಳಿಸಿ ಬೆರಳು ತೆಗೆದಳು. ಹಳೇ ನೀರು ತಾನಾಗಿ ಹೊರಟಿತು. ಬಕೆಟ್ಟೂ ಇಲ್ಲ, ಮಗ್ಗೂ ಇಲ್ಲ. ಆಮೇಲೆ ಟ್ಯಾಂಕಿಗೆ ಹನಿಮದ್ದು ಹಾಕಿ, ಪೈಪನ್ನು ನಲ್ಲಿಗೆ ಸಿಕ್ಕಿಸಿ ನಿಧಾನಕ್ಕೆ ಹೊಸ ನೀರು ಬಿಟ್ಟಳು. ಚಹಾ ಮಾಡಿ ಇಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಲಕ್ಕೆ ಒಂದು ಹನಿ ಇಲ್ಲ. ನಾನು ಸೆರಗಿನಲ್ಲಿ ಕೈ ಒರೆಸುವ ಹಾಗೆ ಮಗಳು ತನ್ನ ಕುರ್ತಾದಲ್ಲಿ ಕೈ ಒರೆಸಿಕೊಂಡು, "ಬಸ್, ಇಷ್ಟೇ!" ಅಂದಳು. ನನಗೆ ಅವಳನ್ನು ಎತ್ತಿ ಮುದ್ದಾಡುವಷ್ಟು ಖುಷಿ.

ಇವರು ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತಿದ್ದರು. ಎರಡು ಸಲ ಎದ್ದರು, "ಪಪ್ಪಾ, ನೀವು ಕೂತ್ಕೊಳ್ಳಿ, ಪೈಪ್ ಮೇಲೆ ಕಾಲು ಬೀಳ್ತದೆ" ಅಂದಾಗ ಕೂತರು. ಚಹಾ ಆರಿ ತಣ್ಣಗಾಯಿತು. ಕುಡಿಯಲಿಲ್ಲ.

ಮುಂದಿನ ಭಾನುವಾರ ಪೈಪು ಹಿಡಿದವಳು ನಾನು. ಒಂದು ಸಣ್ಣ ಎಡವಟ್ಟು ಆಯಿತು. ಕೊನೆಗೆ ಪೈಪು ಎತ್ತುವಾಗ ಒಂದೇ ತುದಿ ಎತ್ತಿದೆ, ಒಳಗೆ ಉಳಿದ ನೀರು ಇನ್ನೊಂದು ತುದಿಯಿಂದ ಅಡುಗೆಮನೆಗೆ ಇಳಿಯಿತು. ಎರಡೂ ತುದಿ ಒಟ್ಟಿಗೆ ಎತ್ತಿ, ಹಾವು ಹಿಡಿದವರ ಹಾಗೆ ಮೇಲಕ್ಕೆ ಹಿಡಿದುಕೊಂಡೇ ಬಾತ್‌ರೂಮಿಗೆ ಹೋಗಬೇಕು ಅಂತ ಆಗ ಕಲಿತೆ. ಅಡುಗೆಮನೆಯ ಕೆಳಗೆ ಅವಳ ಆ ಪಿ.ಓ.ಪಿ. ಸೀಲಿಂಗು ಇಲ್ಲ, ಬಚಾವಾದೆ. ಇದೆಲ್ಲ ಆಗುವಾಗ ನಮ್ಮವರು ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅದರ ಮುಂದಿನ ಭಾನುವಾರ ಎದ್ದದ್ದೇ ತಡವಾಗಿ. ಶನಿವಾರ ಡ್ರಮ್ಮು ತುಂಬುವುದನ್ನೂ ಬಿಟ್ಟರು. ಅದರ ಕೆಲಸವೇ ಇರಲಿಲ್ಲವಲ್ಲ, ಹನಿಮದ್ದು ಇತ್ತು.

"ಮೀನಿಗೆ ತಿಂಡಿ ಹಾಕಿದಿರಾ?" ಅಂತ ಒಂದು ದಿನ ಕೇಳಿದೆ.

"ನೀನೇ ಹಾಕು. ಎಲ್ಲ ನೀನೇ ಮಾಡ್ತೀಯಲ್ಲ" ಅಂದರು. ಸಿಟ್ಟಿನಲ್ಲಿ ಅಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಆಡಿ ಸಮ ಮಾಡುತ್ತಿದ್ದೆ.

ನನ್ನ ನೆಲ ಹೊಳೆಯುತ್ತಿತ್ತು. ಕೆಳಗಿನವಳು ಮೆಟ್ಟಿಲಲ್ಲಿ ಸಿಕ್ಕಿದರೆ ನಗುತ್ತಿದ್ದಳು. ಟ್ಯಾಂಕು ಉಳಿಯಿತು, ಸರಿ, ಆದರೆ ಯಾರಿಗೋಸ್ಕರ ಉಳಿಸಿದೆನೋ ಅವರೇ ಗೋಡೆ ಕಡೆ ತಿರುಗಿ ಮಲಗಿದರೆ ಏನು ಬಂತು? ನೀರಿನಲ್ಲಿ ಹೋಮ ಮಾಡಿದ ಹಾಗೆ. ಹೊಟ್ಟೆ ಉರಿಯಿತು ನನಗೆ. ಹೊಳೆಯುವ ನೆಲ ನೋಡಿ ಹೊಟ್ಟೆ ಉರಿದದ್ದು ಅದೇ ಮೊದಲು.

ಆ ವಾರ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ಮಾರುವವಳ ಎದುರು ನಿಂತಾಗ ನನಗೆ ನನ್ನ ಅಮ್ಮ ನೆನಪಾದಳು. ಮದುವೆಗೆ ಮುಂಚೆ ನಾವು ಪಕ್ಕದ ಮನೆಯ ಬಾವಿಯಿಂದ ನೀರು ಹೊರುತ್ತಿದ್ದವರು. ಕೊಡ ತುಂಬಿದ ಮೇಲೆ ಅಮ್ಮ ಒಂದು ಎಲೆ, ಹಲಸಿನದ್ದೋ ಬಾಳೆಯದ್ದೋ, ನೀರಿನ ಮೇಲೆ ತೇಲಿಬಿಡುತ್ತಿದ್ದಳು. ಎಲೆ ಇದ್ದರೆ ನೀರು ಕುಲುಕಾಡುವುದಿಲ್ಲ, ಅಂಚಿಗೆ ಹಾರುವುದಿಲ್ಲ. ಗಾದೆ ಕಟ್ಟಿದವರಿಗೆ ಈ ಎಲೆಯ ವಿಷಯ ಗೊತ್ತಿದ್ದಿರಬೇಕು, ಹೇಳುವುದು ಮರೆತಿದ್ದಾರೆ. ಒಂದು ಎಲೆ ತೆಗೆದುಕೊಂಡೆ.

ಮನೆಗೆ ಬಂದು ಮಂಚದ ಕೆಳಗಿನಿಂದ ಆ ಎರಡು ಸಾಂಬಾರ್ ಬಕೆಟ್ಟುಗಳನ್ನು ಎಳೆದೆ. ತಂದ ದಿನದಿಂದ ಪೇಪರ್ ಸುತ್ತಿ ಇಟ್ಟದ್ದು. ಹುಣಸೆಹುಳಿ ಹಾಕಿ ಎರಡನ್ನೂ ತಿಕ್ಕಿದೆ, ಸೋಪು ಮುಟ್ಟಿಸಲಿಲ್ಲ, ಸೋಪಿನ ಪಸೆ ಮೀನಿಗೆ ಆಗುವುದಿಲ್ಲ. ಒಂದರ ಹಿಡಿಗೂ ಒಂದು ಸೌಟಿಗೂ ಕೆಂಪು ದಾರ ಕಟ್ಟಿದೆ. ಅದು ಮೀನಿಗೆ. ಇನ್ನೊಂದನ್ನು ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟೆ.

ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು, "ಏಳಿ, ಹೋಟೆಲು ತೆಗೆಯುವ ಹೊತ್ತಾಯಿತು" ಅಂದೆ.

"ಎಂತದು?"

"ಹಳೇ ನೀರು ಪೈಪಿನಲ್ಲಿ ಹೋಗಲಿ. ಹೊಸ ನೀರು ನೀವು ಬಡಿಸಿ. ನಿನ್ನೆ ಡ್ರಮ್ಮು ನಾನೇ ತುಂಬಿದ್ದೇನೆ."

ಬಕೆಟ್ಟು ನೋಡಿದರು, ಕೈ ನೋಡಿಕೊಂಡರು. "ಹುಚ್ಚಾ ನಿನಗೆ? ಒಂದು ಹನಿ ಬಿದ್ದರೂ ತೆಗೆಯಬೇಕು. ಮಾತು ಕೊಟ್ಟಿದ್ದೇನೆ" ಅಂದರು.

"ಬೀಳುವುದಿಲ್ಲ. ಬಿದ್ದರೆ ನನ್ನ ನೆಲ, ನಾನು ನೋಡಿಕೊಳ್ಳುತ್ತೇನೆ" ಅಂದೆ. ಟ್ಯಾಂಕಿಗೇ ನಾನು ಸಂಚಕಾರ ತರುತ್ತಿದ್ದೇನಾ ಅಂತ ಭಯ ನನಗೂ ಇತ್ತು.

ಮೊದಲು ಟ್ಯಾಂಕಿನ ಫಿಲ್ಟರಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತೆವು. ದಾರಿಯಲ್ಲಿದ್ದ ಟೀಪಾಯಿಯನ್ನು ಕೋಣೆಗೆ ಸಾಗಹಾಕಿದೆ. ಟ್ಯಾಂಕಿನಿಂದ ಅಡುಗೆಮನೆಯ ಹೊಸ್ತಿಲ ತನಕ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಲು ಜಾರದ ಹಾಗೆ ಹಳೇ ಚಾದರ. ಟ್ಯಾಂಕಿಗೆ ತಾಗಿಸಿ ಎತ್ತರದ ಸ್ಟೂಲು, ಸ್ಟೂಲಿಗೂ ಗಾಜಿಗೂ ನಡುವೆ ದಪ್ಪ ಟವೆಲು ಮಡಚಿ. ಪೈಪನ್ನು ಟ್ಯಾಂಕಿನ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿದೆ. ಹೆಬ್ಬೆರಳು ಅವರೇ ತೆಗೆದರು, ಹಳೇ ನೀರು ಬಾತ್‌ರೂಮಿಗೆ ಹರಿಯಿತು. ಅದರಲ್ಲಿ ಸ್ವಲ್ಪ ಹಿಡಿದಿಟ್ಟು ಕಿಟಕಿಯ ಗ್ರಿಲ್ಲಿನ ಕರಿಬೇವಿಗೆ ಆಮೇಲೆ ಹಾಕಿದೆ, ಕುಂಡದ ತಟ್ಟೆಯಿಂದ ಕೆಳಗಿಳಿಯದಷ್ಟೇ. ಕೆಳಗೆ ಅವಳ ಸೀರೆಗಳು ಒಣಗುತ್ತಿರುತ್ತವೆ, ಆ ಜಗಳ ಬೇರೆ ಬೇಡ.

ಹೊಸ ನೀರಿಗೆ ಬಕೆಟ್ಟು ಅರ್ಧಕ್ಕಿಂತ ಹೆಚ್ಚು ತುಂಬಬಾರದು ಅಂತ ಕಟ್ಟುಮಾಡಿದೆ. ಮೇಲೆ ಅದರ ಬಾಯಿಯಷ್ಟಗಲ ಕತ್ತರಿಸಿದ ಬಾಳೆ ಎಲೆ. ಇವರು ಎತ್ತಿದರು. ಕೈ ನಡುಗುತ್ತಿತ್ತು, ಬಕೆಟ್ಟೂ ನಡುಗುತ್ತಿತ್ತು, ಆದರೆ ಎಲೆಯ ಕೆಳಗೆ ನೀರು ಮಾತ್ರ ಗುಲ್ಲು ಮಾಡದೆ ಕೂತಿತ್ತು. ಬಾತ್‌ರೂಮಿನ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಮೊಣಕಾಲು ಸ್ವಲ್ಪ ಬಗ್ಗಿಸಿದರು, ಸೊಂಟ ನೆಟ್ಟಗೆ ಮಾಡಿದರು, ಹೊರಟರು. ಅದೇ ನಡಿಗೆ. ಹೆಜ್ಜೆ ಸಣ್ಣದಾಗಿದೆ, ನಿಧಾನವಾಗಿದೆ, ಅಷ್ಟೇ. ಮೂಲೆಯ ಟೇಬಲಿನಲ್ಲಿ ಕೂತು ನೋಡಿದ ದಿನ ನೆನಪಾಗಿ ನನ್ನ ಕಣ್ಣು ತುಂಬಿತು.

ಸ್ಟೂಲಿನ ಮೇಲೆ ಬಕೆಟ್ಟು ಇಟ್ಟು, ಎಲೆ ಸರಿಸಿ, ಸೌಟಿನಲ್ಲಿ ಮೊಗೆದು ಗಾಜಿನ ಗೋಡೆಗೆ ತಾಗಿಸಿ ಮೆತ್ತಗೆ ಬಿಟ್ಟರು. ಸೌಟಿನಿಂದ ಚೆಲ್ಲಿದ್ದು ಟವೆಲಿನ ಮೇಲೆ ಬಿತ್ತು, ಟವೆಲು ಕುಡಿಯಿತು. ಕೆಳಗಿನ ಮರಳು ಒಂದು ಕಾಳು ಏಳಲಿಲ್ಲ. ಮೀನುಗಳು ಸೌಟಿನ ಹತ್ತಿರವೇ ಬಂದು ಬಾಯಿ ತೆರೆದು ನಿಂತವು.

"ಪಂಕ್ತಿಯಲ್ಲಿ ಕೂತಿದ್ದಾವೆ ನೋಡಿ" ಅಂದೆ.

"ಈ ಗಿರಾಕಿಗಳು ಟಿಪ್ಸ್ ಕೊಡುವವರಲ್ಲ" ಅಂದರು. ಎಷ್ಟು ದಿನ ಆಗಿತ್ತು ಅವರ ಬಾಯಲ್ಲಿ ಒಂದು ತಮಾಷೆ ಕೇಳಿ!

ಹೀಗೆ ಹೋಗಿ ಬಂದು, ಹೋಗಿ ಬಂದು, ಟ್ಯಾಂಕು ಮುಕ್ಕಾಲು ತುಂಬಿರಬೇಕು, ಬೆಲ್ಲು ಹೊಡೆಯಿತು. ತೆರೆದರೆ ಕೆಳಗಿನವಳು. ಬೆಳಿಗ್ಗೆಯಿಂದ ತಲೆಯ ಮೇಲೆ ಯಾರೋ ನಡೆಯುತ್ತಲೇ ಇದ್ದಾರೆ, ಏನು ನಡೆಯುತ್ತಿದೆ ಅಂತ ನೋಡಲು ಬಂದದ್ದು. ಸರಿಯಾಗಿ ಆಗಲೇ ಇವರು ಬಕೆಟ್ಟು ಹಿಡಿದು ಅಡುಗೆಮನೆಯಿಂದ ಹೊರಗೆ ಬಂದರು. ಬಾಗಿಲಲ್ಲಿ ಒಬ್ಬರು ನಿಂತದ್ದು ಕಂಡದ್ದೇ, ತಲೆ ಬಾಗಿಸಿ, "ಆಯಿಯೇ, ಬೈಠಿಯೇ. ಕ್ಯಾ ಲೇಂಗೇ?" ಅಂದುಬಿಟ್ಟರು, ಬನ್ನಿ ಕೂತ್ಕೊಳ್ಳಿ ಏನು ಕೊಡಲಿ ಅಂತ ಗಿರಾಕಿಯನ್ನು ಕೇಳುವ ಹಾಗೆ.

ಇವರಿಗೆ ತಾವು ಎಲ್ಲಿದ್ದೇವೆ ಅಂತ ಆಮೇಲೆ ನೆನಪಾಗಿರಬೇಕು, ಕಿವಿ ಕೆಂಪಾಯಿತು. ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಅವಳೂ ನಕ್ಕಳು. ನಕ್ಕರೂ ಬಿಡುವವಳಲ್ಲ, ಒಳಗೆ ಬಂದು ಚಾದರದ ಅಂಚು ಎತ್ತಿ, ಬರಿಗಾಲಿನಲ್ಲಿ ನೆಲ ಮುಟ್ಟಿ ನೋಡಿದಳು. ಒಣ ನೆಲ. ಎರಡು ಮೂರು ಕಡೆ ಮುಟ್ಟಿದಳು. ಆಮೇಲೆ ಕುರ್ಚಿ ಎಳೆದು ಕೂತು ಇವರು ಸೌಟಿನಲ್ಲಿ ನೀರು ಬಿಡುವುದನ್ನೇ ನೋಡುತ್ತ ಕೂತಳು. ನಡುಗುವ ಕೈಯನ್ನೂ ನೋಡಿದಳು. ಅದುವರೆಗೆ ಅವಳಿಗೆ ಅದು ಗೊತ್ತಿರಲಿಲ್ಲ.

ನಾನು ಚಹಾ ತಂದೆ, ಕುಡಿದಳು. ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದು, "ಭಾಭಿ, ಕರನೇ ದೋ ಉನಕೋ" ಅಂದಳು. ಮಾಡಲಿ ಬಿಡಿ ಅವರು. ಒಂದು ಮೆಟ್ಟಿಲು ಇಳಿದು ಮತ್ತೆ ತಿರುಗಿ, ಹನಿ ಬಿದ್ದರೆ ಟ್ಯಾಂಕ್ ಹೋಗಬೇಕು, ಆ ಮಾತು ಹಾಗೇ ಇದೆ ಅಂತಲೂ ಹೇಳಿದಳು. ಇರಲಿ. ನನ್ನ ಸೀಲಿಂಗಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಇಟ್ಟೆ. ಅನ್ನ, ನುಗ್ಗೆಕಾಯಿ ಸಾಂಬಾರು. ಉಳಿದ ಬಾಳೆ ಎಲೆ ಹಾಳಾಗುವುದು ಬೇಡ ಅಂತ ಇಬ್ಬರಿಗೂ ಅದನ್ನೇ ಹಾಸಿ ನೆಲದಲ್ಲೇ ಕೂತೆ. ಇವರು ಕೂರಲಿಲ್ಲ. ಅಡುಗೆಮನೆಗೆ ಹೋದರು. ಪಾತ್ರೆಯ ಶಬ್ದವಾಯಿತು. ಏನು ಬೇಕಿತ್ತೋ, ಕೇಳಬಾರದಾ ಅಂತ ನಾನು ಏಳುವಷ್ಟರಲ್ಲಿ ಹೊರಗೆ ಬಂದರು. ಎಡಗೈಯಲ್ಲಿ ಶೆಲ್ಫಿನಲ್ಲಿದ್ದ ಇನ್ನೊಂದು ಬಕೆಟ್ಟು, ಕೆಂಪು ದಾರ ಇಲ್ಲದ್ದು. ಬಲಗೈಯಲ್ಲಿ ಸೌಟು. ಮೊಣಕಾಲು ಬಗ್ಗಿಸಿ ನಡೆದು ಬಂದು ನನ್ನ ಎಲೆಯ ಮುಂದೆ ನಿಂತರು.

"ಸಾಂಬಾರ್?" ಅಂದರು.

ಮದುವೆಯಾದ ದಿನದಿಂದ ಇದುವರೆಗೆ ಅವರು ನನಗೆ ಬಡಿಸಿದ್ದಿಲ್ಲ. ನಾನು ಹೂಂ ಅಂತ ತಲೆ ಆಡಿಸಿದೆ. ಸೌಟು ಬಕೆಟ್ಟಿನಿಂದ ಎದ್ದಿತು, ನಡುಗಿತು. ಸಾಂಬಾರು ಸ್ವಲ್ಪ ಅನ್ನದ ಮೇಲೆ ಬಿತ್ತು, ಸ್ವಲ್ಪ ನನ್ನ ಸೀರೆಯ ಮೇಲೆ, ಸ್ವಲ್ಪ ನೆಲದ ಮೇಲೆ. ಬೆಳಿಗ್ಗೆಯಷ್ಟೇ ಒರೆಸಿದ ನೆಲ. ಇವರ ಕೈ ಗಾಳಿಯಲ್ಲೇ ನಿಂತಿತು. ನೆಲ ನೋಡಿದರು, ನನ್ನ ಮುಖ ನೋಡಿದರು.

ನಮ್ಮಲ್ಲಿ ಸಾಕು ಅನ್ನಲಿಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ನಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ.

"ನೆಲ ಎಲ್ಲಿಗೂ ಓಡಿಹೋಗುವುದಿಲ್ಲ" ಅಂದೆ. "ಇನ್ನೊಂದು ಸೌಟು ಹಾಕಿ."